ಕುದುರೆ ಮೆಲುಕು ಹಾಕುವುದಿಲ್ಲ

ಕಾರ್ತಿಕ ಮಾಸದ ಎರಡನೆಯ ಸೋಮವಾರ, ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷ. ಸ್ಥಳ, ಮೂಡಲಪಾಳ್ಯದಲ್ಲಿ ನಮ್ಮ ಮನೆಗೆ ಅಂಟಿಕೊಂಡ ಖಾಲಿ ಸೈಟು. ಹಾಜರಿದ್ದವರು ನಾನು, ನನ್ನ ತಮ್ಮ, ಅವನ ಹೆಂಡತಿ, ಮತ್ತು ನನ್ನ ಸೊಂಟದಷ್ಟು ಎತ್ತರದ ಒಂದು ಹೆಣ್ಣು ಕುದುರೆ.

ಹಿಂದಿನ ಸಂಜೆ ಇಟ್ಟ ಹುರುಳಿ ಬಾನಿಯಲ್ಲಿ ಹಾಗೇ ಇತ್ತು. ಬೆಂದ ಕಾಳಿನ ಮೇಲೆ ಒಂದು ಪದರ ಒಣಗಿ ಬಿರುಕು ಬಿಟ್ಟಿತ್ತು. ಪಕ್ಕದ ಹುಲ್ಲಿನ ಕಂತೆಯನ್ನು ಮೂಸಿದ ಗುರುತೂ ಇರಲಿಲ್ಲ. ಆರು ಗಂಟೆಗೆ ಬೆಳಗಿನ ಮೇವು ಹಾಕುವುದು ನನ್ನ ಕೆಲಸವಾದ್ದರಿಂದ ಹೊಸ ಹುಲ್ಲು ಹಿಡಿದು ನಿಂತಿದ್ದೆ. ಕುದುರೆ ನನ್ನತ್ತ ತಿರುಗಲಿಲ್ಲ. ಕತ್ತು ಹೊರಳಿಸಿ ತನ್ನ ಪಕ್ಕೆಯನ್ನೇ ನೋಡಿಕೊಂಡಿತು. ಆಮೇಲೆ ಮೇಲ್ದುಟಿಯನ್ನು ಮೇಲಕ್ಕೆ ಮಡಿಸಿ ಹಲ್ಲು ಕಡಿಯಿತು. ಒರಳಿನಲ್ಲಿ ಏನೂ ಹಾಕದೆ ಗುಂಡು ತಿರುಗಿಸಿದರೆ ಬರುವಂಥ ಸದ್ದು.

"ನಿನ್ನೆ ಪಾರ್ಟೀಲಿ ಸುಸ್ತಾಗಿದೆ ಅಷ್ಟೇ," ಅಂದ ತಮ್ಮ.

"ಸುಸ್ತಾದ್ರೆ ಮಲಗುತ್ತೆ. ಹಲ್ಲು ಯಾಕೆ ಕಡಿಯುತ್ತೆ?"

"ನಂಗೇನು ಗೊತ್ತಕ್ಕ? ಟೈಮ್‌ ಟೇಬಲ್ ನಿಂದಲ್ವಾ?"

ಅದು ನಿಜ. ಟೈಮ್‌ ಟೇಬಲ್ ನನ್ನದೇ. ನಾನು ರಾಜಾಜಿನಗರದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದವಳು. ಐದೂವರೆಗೆ ಏಳುವ ಗಂಟೆ, ಎಂಟಕ್ಕೆ ತಿಂಡಿ, ಒಂದಕ್ಕೆ ಊಟ, ರಾತ್ರಿ ಎಂಟಕ್ಕೆ ಮತ್ತೆ ಊಟ. ನಡುನಡುವೆ ಬಾಯಾಡಿಸುವುದಕ್ಕೆ ಅವಕಾಶವಿರಲಿಲ್ಲ. ಟ್ರಂಕಿನೊಳಗೆ ಬಟ್ಟೆಯ ಕೆಳಗೆ ಕೋಡುಬಳೆ ಬಚ್ಚಿಟ್ಟ ಹುಡುಗಿಯನ್ನು ಕೋಣೆಯ ಬಾಗಿಲಲ್ಲಿ ನಿಂತು ವಾಸನೆಯಿಂದಲೇ ಹಿಡಿಯುತ್ತಿದ್ದೆ. ನಿವೃತ್ತಿಯಾದ ಮೇಲೆ ತಮ್ಮನ ಮನೆಗೆ ಬಂದೆ. ಅವನಿಗೆ ಗೋವಿಂದರಾಜನಗರದಲ್ಲಿ ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇದೆ. ಮೈಸೂರು ರಸ್ತೆಯ ಕಡೆ ಮಕ್ಕಳ ಪಾರ್ಕೊಂದು ಮುಚ್ಚಿದಾಗ ಅಲ್ಲಿದ್ದ ಈ ಕುದುರೆಯನ್ನು ಯಾರೂ ಕೇಳುವವರಿಲ್ಲ ಎಂದು ಗೂಡ್ಸ್ ಆಟೋದಲ್ಲಿ ನಿಲ್ಲಿಸಿಕೊಂಡು ಬಂದುಬಿಟ್ಟ. ಬೀದಿಯವರು ಇವತ್ತಿಗೂ ಅದನ್ನು ಮರಿ ಎಂದೇ ತಿಳಿದಿದ್ದಾರೆ. ಅದಕ್ಕೆ ಒಂಬತ್ತು ವರ್ಷ. ತಳಿಯೇ ಅಷ್ಟೆತ್ತರ, ಇನ್ನು ಬೆಳೆಯುವುದಿಲ್ಲ ಎಂದರೆ ನಗುತ್ತಾರೆ.

ಅದನ್ನು ಕಟ್ಟಿದ್ದು ಆ ಸೈಟಿನ ಮೂಲೆಯಲ್ಲಿ ಉಳಿದಿದ್ದ, ನಮ್ಮಪ್ಪನ ಕಾಲದ ಕೊಟ್ಟಿಗೆಯಲ್ಲಿ. ಇದು ಹಳ್ಳಿಯಾಗಿದ್ದಾಗ ಅಲ್ಲಿ ನಾಲ್ಕು ಹಸು ಇದ್ದವು. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ ಹಾಲು ಕರೆಯುವ ಹೊತ್ತಿಗೆ ಮೇವು ಬೀಳುತ್ತಿತ್ತು. ಮಿಕ್ಕ ಹೊತ್ತು ಅವು ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಾ ಬಿದ್ದಿರುತ್ತಿದ್ದವು. ನಮ್ಮ ಮನೆಯಲ್ಲಿ ನಾಲ್ಕು ಕಾಲಿನ ಪ್ರಾಣಿಗೆ ಮೇವು ಹಾಕುವ ಕ್ರಮವೆಂದರೆ ಅದೊಂದೇ. ಕುದುರೆಗೂ ಅದೇ ಕ್ರಮವನ್ನು ಹಚ್ಚಿದೆ. ಲಾಳ ಮತ್ತು ಗೊರಸು ನೋಡುವವನು ಬಂದಾಗ, "ಮೇಡಮ್, ತುಂಬಾ ದಪ್ಪ ಆಗಿದೆ, ಕಾಲಿಗೆ ಕಷ್ಟ" ಎಂದಿದ್ದ. ಅಂದಿನಿಂದ ಹುಲ್ಲಿನ ಅಳತೆಯನ್ನೂ ಇಳಿಸಿದೆ. ತಮ್ಮ ಹನ್ನೊಂದು ಗಂಟೆಗೆ ಕದ್ದು ಒಂದು ಹಿಡಿ ಹುಲ್ಲು ಹಾಕುವುದು ಗೊತ್ತಾದಾಗ ಮೇವಿನ ಕೋಣೆಗೆ ಬೀಗ ಹಾಕಿದೆ. ಕುದುರೆ ಕೊಟ್ಟಿಗೆಯ ಕಂಬ ಕಚ್ಚಲು ಶುರು ಮಾಡಿತು. ಹೊಲ್ಲದ ಚಾಳಿ ಎಂದು ಕಂಬಕ್ಕೆ ಬೇವಿನೆಣ್ಣೆ ಬಳಿದೆ.

ಭಾನುವಾರಗಳಲ್ಲಿ ಅದಕ್ಕೆ ಹುಟ್ಟುಹಬ್ಬದ ಕೆಲಸವಿರುತ್ತಿತ್ತು. ತಮ್ಮನ ಅಂಗಡಿಯ ಕುರ್ಚಿ, ಬಲೂನುಗಳ ಜೊತೆ ಇದೂ ಹೋಗಿ ಬೆನ್ನ ಮೇಲೆ ಹೂವಿನ ಹಾರ ಹೊತ್ತು ಮಕ್ಕಳ ಫೋಟೋಕ್ಕೆ ನಿಲ್ಲುತ್ತಿತ್ತು. ಒಂದು ಸಲ ಯಾರದೋ ಮನೆಯ ಹೊಳೆಯುವ ನೆಲದ ಮೇಲೆ ಕೇಕಿನ ಎದುರಿಗೇ ಲದ್ದಿ ಹಾಕಿತು. ಆ ಮನೆಯ ಯಜಮಾನಿ ಮೂಗು ಮುಚ್ಚಿಕೊಂಡು ಕಿರುಚಿದ್ದನ್ನು ತಮ್ಮ ಮೂರು ದಿನ ಹೇಳಿದ. ಅದಕ್ಕೆ ನಾನು ಒಂದು ನಿಯಮ ಮಾಡಿದೆ. ಪಾರ್ಟಿ ಇರುವ ದಿನ ಬೆಳಗಿನಿಂದ ಮೇವಿಲ್ಲ. ಹೊಟ್ಟೆಯಲ್ಲಿ ಇದ್ದರಲ್ಲವೇ ಹೊರಗೆ ಬರುವುದು?

ಮಳೆಗಾಲದ ಕೊನೆಯಿಂದ ಪ್ರತಿ ಭಾನುವಾರ ಹೀಗೇ ನಡೆದಿತ್ತು. ಆ ಸೋಮವಾರದ ಹಿಂದಿನ ದಿನ ಬಸವೇಶ್ವರನಗರದಲ್ಲಿ ಎರಡು ಪಾರ್ಟಿ.

ಆರೂ ಹತ್ತಕ್ಕೆ ಪಶುವೈದ್ಯೆಗೆ ಫೋನ್ ಮಾಡಿದೆ. ಕೆಂಗೇರಿ ಉಪನಗರದಲ್ಲಿ ಮನೆಯಿರುವ, ಕುದುರೆಗಳನ್ನು ನೋಡಿ ಬಲ್ಲ ಹುಡುಗಿ. "ಕಾಲು ಕೊಡವ್ತಾ ಇದ್ಯಾ? ಹೊರಳಾಡ್ತಾ ಇದ್ಯಾ?" ಎಂದು ಕೇಳಿದಳು. ಇಲ್ಲವೆಂದೆ. "ಒಂಬತ್ತಕ್ಕೆ ಬರ್ತೀನಿ ಆಂಟಿ. ಅಷ್ಟರಲ್ಲಿ ಹೊರಳಾಡಿದ್ರೆ ಮತ್ತೆ ಫೋನ್ ಮಾಡಿ. ತಿನ್ನುತ್ತಾ ನೋಡಿ, ಬಲವಂತ ಮಾಡ್ಬೇಡಿ."

ಒಂಬತ್ತರವರೆಗೆ ಮಾಡಲು ಕೆಲಸವಿರಲಿಲ್ಲ. ಅದು ನನಗೆ ಅಭ್ಯಾಸವಿಲ್ಲದ ಸಂಗತಿ. ಕೊಟ್ಟಿಗೆ ಗುಡಿಸಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಗುಡಿಸಿದೆ. ನೀರಿನ ಬಕೆಟ್ ತೊಳೆದು ತುಂಬಿಸಿದೆ, ಕುಡಿಯಲಿಲ್ಲವೆಂದು ಚೆಲ್ಲಿ ಮತ್ತೆ ತುಂಬಿಸಿದೆ. ರಾತ್ರಿಯ ಲದ್ದಿ ಎಣಿಸಿದರೆ ಎರಡೇ ಗುಪ್ಪೆ, ಎರಡೂ ಸಣ್ಣವು. ಕುದುರೆ ಮಲಗುತ್ತಿತ್ತು, ಎದ್ದು ನಿಲ್ಲುತ್ತಿತ್ತು, ಏನೂ ನುಂಗದೆ ಬಾಯಿ ಅಗಲಿಸಿ ಆಕಳಿಸುತ್ತಿತ್ತು. ಬೆಲ್ಲ ಕೊಟ್ಟರೆ ತಿಂದೀತೆಂದು ಒಂದು ಅಚ್ಚು ತಂದು ತುಟಿಗೆ ಒತ್ತಿದೆ. ಅದು ಹಿಂದಕ್ಕೆ ಸರಿಯಿತು. ನಾನು ಇನ್ನೊಂದು ಹೆಜ್ಜೆ ಮುಂದಿಟ್ಟೆ.

"ಅಕ್ಕ, ಬಿಡು ಅಂದ್ರೆ!" ತಮ್ಮ ನನ್ನ ಕೈ ಹಿಡಿದು ಎಳೆದ. "ಬಲವಂತ ಬೇಡ ಅಂದಿದಾರೆ. ಇದೇನು ನಿನ್ ಹಾಸ್ಟೆಲ್ಲಾ?"

ಅರವತ್ತು ದಾಟಿದ ನನ್ನ ತಮ್ಮ ನನ್ನೆದುರು ದನಿ ಎತ್ತಿದ್ದು ಕಡಿಮೆ. ಕುದುರೆಯ ಕತ್ತಿನ ಮೇಲೆ ಕೈಯಿಟ್ಟು, "ಏನಾಯ್ತು ಮಗಳೇ," ಎಂದು ಕೇಳುತ್ತಾ ನಿಂತ. ಅವರಿಗೆ ಮಕ್ಕಳಿಲ್ಲ. ಅಂಗಡಿಗೆ ಹೋಗುವ ಮುಂಚೆ, ಬಂದ ಕೂಡಲೇ, ಚಪ್ಪಲಿ ಬಿಡುವ ಮೊದಲೇ ಅವನು ಕೊಟ್ಟಿಗೆಗೆ ಹೋಗುತ್ತಿದ್ದ. ಆ ಬೆಳಿಗ್ಗೆ ಅಂಗಡಿ ತೆಗೆಯಲೇ ಇಲ್ಲ.

ಡಾಕ್ಟರ್ ಒಂಬತ್ತೂ ಇಪ್ಪತ್ತಕ್ಕೆ ಬಂದಳು. ಇಪ್ಪತ್ತು ನಿಮಿಷ ತಡ. ಗಡಿಯಾರ ತೋರಿಸದೆ ಕೊಟ್ಟಿಗೆಗೆ ಕರೆದೊಯ್ದೆ. ಅವಳು ಒಸಡು ಒತ್ತಿ ನೋಡಿದಳು, ಜ್ವರ ನೋಡಿದಳು, ಹೊಟ್ಟೆಯ ಎರಡೂ ಮಗ್ಗುಲಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡಳು. ಕರುಳು ಓಡುತ್ತಿದೆ, ಕಟ್ಟಿಕೊಂಡಿಲ್ಲ ಎಂದಳು. ಆಮೇಲೆ ಕಂಬದ ಹಲ್ಲಿನ ಗುರುತುಗಳ ಮೇಲೆ ಬೆರಳಾಡಿಸಿ ಮೂಸಿದಳು.

"ಇದೇನು ವಾಸನೆ?"

"ಬೇವಿನೆಣ್ಣೆ. ಕಚ್ಚಬಾರದು ಅಂತ."

"ದಿನಕ್ಕೆ ಎಷ್ಟು ಸಲ ಮೇವು?"

"ಎರಡು ಸಲ. ಬೆಳಿಗ್ಗೆ ಆರು, ಸಂಜೆ ಆರು. ಒಂದು ನಿಮಿಷ ಹೆಚ್ಚುಕಡಿಮೆ ಇಲ್ಲ."

"ಹಾಕಿದ್ದು ಎಷ್ಟು ಹೊತ್ತಲ್ಲಿ ಮುಗಿಸುತ್ತೆ?"

"ಗಂಟೆ, ಗಂಟೆಕಾಲು."

"ಆಮೇಲೆ?"

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. "ಆಮೇಲೆ ಏನು? ಸಂಜೆ ಆರಕ್ಕೆ ಮತ್ತೆ."

"ನಿಮ್ದು ಹಸು ಸಾಕಿದ ಮನೆ ಅಲ್ವಾ ಆಂಟಿ?" ಅವಳು ಕೊಟ್ಟಿಗೆಯ ಗೋದಲಿಯನ್ನು ನೋಡಿ ಹೇಳಿದಳು. "ಹಸು ಒಂದ್ಸಲ ತುಂಬಿಕೊಂಡ್ರೆ ಕೂತ್ಕೊಂಡು ಮೆಲುಕು ಹಾಕುತ್ತೆ. ಕುದುರೆ ಮೆಲುಕು ಹಾಕಲ್ಲ. ಅದರ ಹೊಟ್ಟೆ ಚಿಕ್ಕದು, ಬೇಗ ಖಾಲಿಯಾಗುತ್ತೆ. ಆದ್ರೆ ಆಸಿಡ್ ಮಾತ್ರ ಹಗಲೂ ರಾತ್ರಿ ಸುರೀತಾನೇ ಇರುತ್ತೆ, ತಿಂದ್ರೂ ತಿನ್ನದೇ ಇದ್ರೂ. ಅಗಿಯೋವಾಗ ಬರೋ ಜೊಲ್ಲೇ ಅದಕ್ಕೆ ಮದ್ದು. ಅಗಿಯೋಕೆ ಏನೂ ಇಲ್ಲ ಅಂದ್ರೆ ಜೊಲ್ಲೂ ಇಲ್ಲ. ಅದಕ್ಕೇ ಪಾಪ ಕಂಬ ಅಗೀತಿತ್ತು."

ತಮ್ಮ ನನ್ನ ಮುಖ ನೋಡಲಿಲ್ಲ. ಅದು ಅವನ ಒಳ್ಳೆಯತನ.

"ನಿನ್ನೆ ಏನು ತಿಂತು?" ಡಾಕ್ಟರ್ ಕೇಳಿದಳು.

ಪಾರ್ಟಿ ದಿನದ ನಿಯಮವನ್ನು ನಾನೇ ಹೇಳಿದೆ. ಕಾರ್ತಿಕ ಸೋಮವಾರವೆಂದು ತಮ್ಮನ ಹೆಂಡತಿ ಅಂದು ನಿರಾಹಾರ. ಹಣೆಗೆ ವಿಭೂತಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದವಳು ಹೇಳಿದಳು, "ನಾನು ಉಪವಾಸ ಇರೋದು ಪುಣ್ಯಕ್ಕೆ ಅಕ್ಕ. ಪಾಪದ್ದು, ಅದು ಇದ್ದಿದ್ದು ಯಾರದೋ ಟೈಲ್ಸ್‌ಗೆ."

ಡಾಕ್ಟರ್ ನಗದೇ ಇರಲು ಪ್ರಯತ್ನಪಟ್ಟಳು. ಆಮೇಲೆ ಗಂಭೀರವಾಗಿ ವಿವರಿಸಿದಳು. ಹೊಟ್ಟೆಯ ಮೇಲರ್ಧಕ್ಕೆ ಆಸಿಡ್ ತಡೆಯುವ ಲೇಪವಿಲ್ಲ. ಖಾಲಿ ಹೊಟ್ಟೆಯಲ್ಲಿ ಓಡಿಸಿದರೆ, ಆಟೋದಲ್ಲಿ ಕುಲುಕಾಡಿಸಿದರೆ, ಸ್ಪೀಕರಿನ ಪಕ್ಕ ಹೆದರಿಸಿ ನಿಲ್ಲಿಸಿದರೆ ಆಸಿಡ್ ಮೇಲಕ್ಕೆ ಚಿಮ್ಮಿ ಸುಡುತ್ತದೆ. ಇದು ಬಹುಶಃ ಹುಣ್ಣೇ. ಉದ್ದನೆಯ ಕ್ಯಾಮೆರಾ ಪೈಪನ್ನು ಮೂಗಿನಿಂದ ಇಳಿಸಿ ನೋಡಿದರೇ ಖಚಿತವಾಗುವುದು, ಆದರೆ ಅದಕ್ಕೆ ಒಂದಿಡೀ ರಾತ್ರಿ ಹೊಟ್ಟೆ ಖಾಲಿ ಇಡಬೇಕು. ಇವತ್ತು ಇದನ್ನು ಇನ್ನೊಂದು ಗಂಟೆ ಖಾಲಿ ಇಡುವುದೂ ಅಪಾಯ.

"ಯಾಕೆ ಅಪಾಯ?" ಕೇಳಿದ್ದು ತಮ್ಮ.

"ದೊಡ್ಡ ಕುದುರೆ ಒಂದಿನ ತಿನ್ನದಿದ್ರೆ ತಡ್ಕೊಳ್ಳುತ್ತೆ ಅಂಕಲ್. ಈ ಚಿಕ್ಕವು ಹಾಗಲ್ಲ. ಅದ್ರಲ್ಲೂ ದಪ್ಪ ಇರೋವು. ತಿನ್ನೋದು ನಿಂತ್ರೆ ಮೈಯಲ್ಲಿರೋ ಕೊಬ್ಬೆಲ್ಲಾ ಕರಗಿ ರಕ್ತಕ್ಕೆ ನುಗ್ಗುತ್ತೆ. ಲಿವರ್ ಕೆಟ್ಟೋಗುತ್ತೆ. ಆಮೇಲೆ ಉಳಿಸೋದು ಕಷ್ಟ."

ಅವಳು ಕತ್ತಿನಿಂದ ರಕ್ತ ತೆಗೆದು ಗಾಜಿನ ಕೊಳವೆಯಲ್ಲಿ ತುಂಬಿ ಕಿಟಕಿಯ ಅಂಚಿನಲ್ಲಿ ನೆಟ್ಟಗೆ ನಿಲ್ಲಿಸಿದಳು. ಇನ್ನೊಂದನ್ನು ಲ್ಯಾಬಿಗೆಂದು ಚೀಲಕ್ಕೆ ಹಾಕಿಕೊಂಡಳು. ಕೆಂಪು ಕೆಳಗಿಳಿದು ಮೇಲೆ ತಿಳಿ ನಿಲ್ಲುತ್ತದೆ, ಆ ತಿಳಿ ಹಾಲಿನಂತೆ ಕಂಡರೆ ಕೊಬ್ಬು ಏರಿದೆ ಎಂದು ಅರ್ಥ. ನಾವು ಮೂವರೂ ಆ ಕೊಳವೆಯ ಮುಂದೆ ನಿಂತೆವು. ನಾನು ಗಡಿಯಾರ ನೋಡಿದೆ, ಕೊಳವೆ ನೋಡಿದೆ, ಮತ್ತೆ ಗಡಿಯಾರ ನೋಡಿದೆ. ಮೇಲೆ ನಿಂತ ತಿಳಿ ಹಾಲಾಗಿರಲಿಲ್ಲ. ಶುದ್ಧವಾಗಿಯೂ ಇರಲಿಲ್ಲ. ಅನ್ನ ಬಸಿದ ಗಂಜಿಗೆ ಇನ್ನಷ್ಟು ನೀರು ಬೆರೆಸಿದಂತೆ ಮಸುಕಾಗಿತ್ತು.

"ಶುರುವಾಗಿದೆ," ಅಂದಳು. "ಸಂಜೆ ಆರರೊಳಗೆ ತಾನಾಗೇ ತಿನ್ನಬೇಕು. ಇಲ್ಲಾಂದ್ರೆ ದೊಡ್ಡಾಸ್ಪತ್ರೆಗೆ ಸಾಗಿಸಿ ಮೂಗಿನಿಂದ ಪೈಪ್ ಹಾಕ್ಬೇಕು. ಆಟೋ ರೆಡಿ ಇಟ್ಕೊಂಡಿರಿ ಅಂಕಲ್."

ಗ್ಲೂಕೋಸ್ ಬಾಟಲಿಯನ್ನು ಶಾಮಿಯಾನದ ಕಂಬಕ್ಕೆ ತೂಗುಹಾಕಿದೆವು. ಆಸಿಡ್ ಇಳಿಸುವ ಔಷಧಿ ಅಂಟಿನಂಥ ಪೇಸ್ಟು, ಸಿರಿಂಜಿನಲ್ಲಿ ತುಂಬಿ ಬರುತ್ತದೆ. ಅದನ್ನು ನಾಲಿಗೆಯ ಹಿಂಭಾಗಕ್ಕೆ ಒತ್ತಿ ತಲೆ ಎತ್ತಿ ಹಿಡಿಯುವುದನ್ನು ತೋರಿಸಿಕೊಟ್ಟಳು. ಪ್ರತಿದಿನ ಒಂದೇ ಹೊತ್ತಿಗೆ, ಬೆಳಗಿನ ಹೊಸ ಮೇವಿಗೆ ಅರ್ಧ ಗಂಟೆ ಮುಂಚೆ. ಸುಮಾರು ನಾಲ್ಕು ವಾರ. ಗುಣವಾಯಿತೆಂದು ನಡುವೆ ನಿಲ್ಲಿಸಬಾರದು, ಕೊನೆಗೆ ನಿಲ್ಲಿಸುವಾಗಲೂ ಒಮ್ಮೆಲೇ ಅಲ್ಲ. "ಟೈಮ್ ವಿಷ್ಯ ನಿಮ್ಗೆ ಬಿಟ್ಟಿದೀನಿ ಆಂಟಿ. ಔಷಧಿಗೆ ಮಾತ್ರ. ಮೇವಿಗಲ್ಲ."

"ಮೇವು ಯಾವಾಗ ಹಾಗಾದ್ರೆ?"

"ಯಾವಾಗ್ಲೂ."

"ಯಾವಾಗ್ಲೂ ಅಂದ್ರೆ ಎಷ್ಟು ಗಂಟೆಗೆ?"

ತಮ್ಮನ ಹೆಂಡತಿ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದಳು.

ಡಾಕ್ಟರ್ ತಾಳ್ಮೆಯಿಂದ ಹೇಳಿದಳು. ಹಗಲೂ ರಾತ್ರಿ ಬಾಯಿಗೆ ಏನಾದರೂ ಸಿಗುತ್ತಿರಬೇಕು, ಆದರೆ ನಿಧಾನವಾಗಿ. ಸಣ್ಣ ಕಣ್ಣಿನ ಬಲೆಯಲ್ಲಿ ಒಣಹುಲ್ಲು ತುಂಬಿ ಕಟ್ಟಿದರೆ ಒಂದೊಂದೇ ಎಳೆ ಎಳೆದು ತಿನ್ನುತ್ತದೆ, ಹೊಟ್ಟೆ ಖಾಲಿಯಾಗುವುದಿಲ್ಲ, ಮೈಯೂ ಬರುವುದಿಲ್ಲ. ಇಳಿಸಬೇಕಾದ್ದು ಹುರುಳಿ, ಹುಲ್ಲಲ್ಲ. ಹೊರಗೆ ಕರೆದೊಯ್ಯುವ ಮೊದಲು ಒಂದು ಹಿಡಿ ಕುದುರೆಮಸಾಲೆ ಸೊಪ್ಪು ಕೊಡಿ, ಮೆಂತ್ಯದ ಹಾಗಿರುವ ಮೇವು ಅದು, ಆಸಿಡ್ಡನ್ನು ತಣಿಸುತ್ತದೆ. ಇವತ್ತು ಅದನ್ನೇ ಕಾಲು ಗಂಟೆಗೊಮ್ಮೆ ಎರಡೆರಡು ಕಡ್ಡಿ ಮೂತಿಯ ಹತ್ತಿರ ಹಿಡಿಯಿರಿ, ತಿನ್ನದಿದ್ದರೆ ತೆಗೆದುಬಿಡಿ, ಒತ್ತಬೇಡಿ. ಹೀಗೆಂದು ಹೇಳಿ ಬೇರೆ ಕೆಲಸಕ್ಕೆ ಹೋದಳು.

ತಮ್ಮ ಕೆಂಗೇರಿಯಾಚೆ ಹಾಲಿನ ದನ ಸಾಕುವವರ ಹತ್ತಿರ ಸೊಪ್ಪು ತರಲು ಆಟೋ ಓಡಿಸಿಕೊಂಡು ಹೊರಟ. ಹತ್ತೂವರೆಗೆ ಹೋದವನು ಹನ್ನೆರಡಾದರೂ ಬರಲಿಲ್ಲ. ಫೋನ್ ಮಾಡಿದರೆ, "ನಾಯಂಡಹಳ್ಳಿ ಸಿಗ್ನಲ್ಲಲ್ಲಿ ನಿಂತಿದೀನಿ, ಸೊಪ್ಪು ಸಿಕ್ಕಿದೆ ಕಣಕ್ಕ, ಫೋನ್ ಇಟ್ಬಿಡು," ಅಂದ. ನಾನು ಗೇಟಿನಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೇಟಿಗೆ ನಡೆದೆ. ಎದುರು ಮನೆಯವರು ಮಹಡಿಯ ಮೇಲೆ ಬಟ್ಟೆ ಹರವುತ್ತಾ ಕೂಗಿದರು: "ಏನ್ ಮೇಡಮ್, ಮರಿಗೆ ಹುಷಾರಿಲ್ವಾ? ರೂಲ್ಸ್ ಜಾಸ್ತಿ ಆಯ್ತೇನೋ!" ತಮಾಷೆಗೇ ಹೇಳಿದ್ದು. ಬೇರೆ ದಿನವಾಗಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. "ಹೌದು, ಜಾಸ್ತಿ ಆಯ್ತು," ಎಂದು ಒಳಗೆ ಬಂದೆ.

ಸೊಪ್ಪು ಬಂದಾಗ ಹನ್ನೆರಡೂ ನಲವತ್ತು. ಎರಡು ಕಡ್ಡಿ ನೀರಿನಲ್ಲಿ ಅದ್ದಿ ಹಿಡಿದೆ. ಕುದುರೆ ಮೂಸಿತು, ಮುಖ ತಿರುಗಿಸಿತು. ತೆಗೆದುಬಿಟ್ಟೆ. ಒಂದಕ್ಕೆ ಐದು ನಿಮಿಷ ಇರುವಾಗ ಮತ್ತೆ. ಇಲ್ಲ. ಒಂದೂ ಹತ್ತು. ಇಲ್ಲ. ಕೈ ಚಾಚುವುದಕ್ಕಿಂತ ತೆಗೆಯುವುದು ಕಷ್ಟವಾಗುತ್ತಿತ್ತು. ಹಾಸ್ಟೆಲಿನಲ್ಲಿ ಊಟ ಬಿಟ್ಟು ಕೂತ ಹುಡುಗಿಯರನ್ನು ತಟ್ಟೆ ಖಾಲಿಯಾಗುವವರೆಗೆ ಏಳಲು ಬಿಡುತ್ತಿರಲಿಲ್ಲ. ಒಬ್ಬಳು ಜ್ವರದಲ್ಲಿದ್ದವಳು ನನ್ನೆದುರಿಗೇ ತಿಂದು, ಆಮೇಲೆ ಹಿತ್ತಲಲ್ಲಿ ವಾಂತಿ ಮಾಡಿಕೊಂಡಿದ್ದು ಬಹಳ ವರ್ಷಗಳ ನಂತರ ಆ ಮಧ್ಯಾಹ್ನ ನೆನಪಾಯಿತು. ಅವಳ ಕೋಣೆಯ ಸಂಖ್ಯೆ ನೆನಪಿದೆ, ಮುಖ ನೆನಪಿಲ್ಲ.

ತಮ್ಮನ ಹೆಂಡತಿ ಸುಮ್ಮನೆ ಕೂರುವವಳಲ್ಲ. ಶಾಮಿಯಾನದ ತೆಳು ನೈಲಾನ್ ಹಗ್ಗದ ಸುರುಳಿ ತಂದು ಜಗಲಿಯ ಮೇಲೆ ಬಲೆ ಹೆಣೆಯಲು ಕೂತಳು. ಗಡಿಗೆ ತೂಗುಹಾಕುವ ನೆಲುವು ಹೆಣೆಯುವುದನ್ನು ಅವಳು ಚಿಕ್ಕಂದಿನಲ್ಲಿ ಅಜ್ಜಿಯಿಂದ ಕಲಿತಿದ್ದಳಂತೆ. ಒಂದೊಂದು ಕಣ್ಣಿಗೂ ಎರಡು ಬೆರಳು ಇಟ್ಟು ಅಳತೆ ನೋಡಿ ಗಂಟು ಬಿಗಿಯುತ್ತಿದ್ದಳು.

"ಹಸಿದ ಹೊಟ್ಟೇಲಿ ಇಷ್ಟು ಕೆಲಸ ಬೇಡ ಕಣೇ," ಅಂದೆ.

"ನೀವು ಆ ಕಡೆ ಈ ಕಡೆ ಓಡಾಡೋದು ನೋಡೋಕಾಗಲ್ಲ ಅಕ್ಕ. ಬನ್ನಿ, ಈ ತುದಿ ಹಿಡ್ಕೊಳ್ಳಿ."

ಹಿಡಿದುಕೊಂಡೆ. ಕಾಲು ಗಂಟೆಗೊಮ್ಮೆ ಏಳುತ್ತಿದ್ದೆ, ಕಡ್ಡಿ ಹಿಡಿಯುತ್ತಿದ್ದೆ, ವಾಪಸು ಬಂದು ತುದಿ ಹಿಡಿಯುತ್ತಿದ್ದೆ. ತಮ್ಮ ಆಟೋದ ಹಿಂಭಾಗಕ್ಕೆ ಹುಲ್ಲು ಹಾಸಿ, ಪಕ್ಕಗಳಿಗೆ ಹಳೆಯ ಹಾಸಿಗೆ ಕಟ್ಟಿ ಆಸ್ಪತ್ರೆಗೆ ಸಾಗಿಸಲು ಸಿದ್ಧಮಾಡಿದ. ಕಟ್ಟಿದ್ದನ್ನು ಬಿಚ್ಚಿ ಇನ್ನೂ ಬಿಗಿಯಾಗಿ ಕಟ್ಟಿದ.

ಮೂರೂ ಇಪ್ಪತ್ತೈದಕ್ಕೆ ಕುದುರೆ ಒಂದು ಕಡ್ಡಿಯನ್ನು ತುಟಿಯಲ್ಲಿ ಹಿಡಿಯಿತು. ಹಿಡಿದು ಹಾಗೇ ನಿಂತಿತು. ಎಲೆ ಬಾಯಿಯಿಂದ ಹೊರಗೆ ತೂಗುತ್ತಿತ್ತು. ಆಮೇಲೆ ದವಡೆ ಒಮ್ಮೆ ಆಡಿತು. ನಿಂತಿತು. ಮತ್ತೆ ಆಡಿತು. ಕಡ್ಡಿ ಸ್ವಲ್ಪಸ್ವಲ್ಪವೇ ಒಳಗೆ ಹೋಯಿತು.

"ತಿಂತು," ಎಂದೆ. ಜೋರಾಗಿ ಹೇಳಲಿಲ್ಲ. ತಮ್ಮ ಆಟೋದಿಂದ ಇಳಿದು ಬಂದವನು ಬಾಗಿಲಲ್ಲೇ ನಿಂತುಬಿಟ್ಟ, ಹತ್ತಿರ ಬಂದರೆ ನಿಲ್ಲಿಸಿಬಿಟ್ಟೀತೆಂಬ ಹೆದರಿಕೆಯಿಂದ.

ನಾಲ್ಕಕ್ಕೆ ಮೂರು ಕಡ್ಡಿ. ನಾಲ್ಕೂವರೆಗೆ ಒಂದು ಹಿಡಿ. ಐದಕ್ಕೆ ಮತ್ತೆ ಬೇಡವೆಂದು ಪಕ್ಕೆ ನೋಡಿಕೊಂಡಿತು, ಕಡ್ಡಿಯನ್ನು ಹಿಂದಕ್ಕೆ ತೆಗೆದೆ. ಐದೂ ಇಪ್ಪತ್ತಕ್ಕೆ ನೆಲದ ಮೇಲೆ ಬಿದ್ದಿದ್ದ ಒಣಹುಲ್ಲನ್ನು ತಾನಾಗಿಯೇ ಎತ್ತಿಕೊಂಡಿತು. ಆರಕ್ಕೆ ಸರಿಯಾಗಿ ಡಾಕ್ಟರ್ ಬಂದಾಗ ಅದು ತಲೆ ಬಗ್ಗಿಸಿ ಮೇಯುತ್ತಿತ್ತು. ಅವಳು ಮತ್ತೆ ರಕ್ತ ತೆಗೆದು ಕೊಳವೆ ನಿಲ್ಲಿಸಿದಳು. ತಿಳಿ ಬೆಳಗಿನಷ್ಟೇ ಮಸುಕು, ಹೆಚ್ಚಿರಲಿಲ್ಲ. "ಏರಿಲ್ಲ ಅಂದ್ರೆ ಸಾಕು ಇವತ್ತಿಗೆ. ಹೀಗೇ ತಿನ್ನುತ್ತಿದ್ರೆ ಸಾಗಿಸೋದು ಬೇಡ," ಅಂದಳು. ತಮ್ಮ ಹೊರಗೆ ಹೋಗಿ ಮೂಗು ಒರೆಸಿಕೊಂಡ.

ಮುಂದಿನ ನಾಲ್ಕು ವಾರದಲ್ಲಿ ಒಂದು ದಿನವೂ ಪೇಸ್ಟು ತಪ್ಪಲಿಲ್ಲ, ಬೆಳಿಗ್ಗೆ ಐದೂವರೆಗೆ. ಆಮೇಲೆ ಕ್ಯಾಮೆರಾ ಇಳಿಸಿ ನೋಡಿದಾಗ ಮಾಯುತ್ತಿರುವ ಹುಣ್ಣಿನ ಗುರುತುಗಳಿದ್ದವು. ಪರದೆಯ ಮೇಲೆ ಅವನ್ನು ನಾನು ನೋಡಿದ್ದೇನೆ, ಮರೆಯುವಂತಿಲ್ಲ. ಭಾನುವಾರದ ಪಾರ್ಟಿಗಳನ್ನು ತಮ್ಮ ನಿಲ್ಲಿಸಿದ. ಒಂಟಿಯಾಗಿ ನಿಲ್ಲುವುದೂ ಅದಕ್ಕೆ ಒಳ್ಳೆಯದಲ್ಲವೆಂದು ಒಂದು ಮೇಕೆ ತಂದ. ಆ ಮೇಕೆಗೆ ಶಿಸ್ತು ಎಂಬುದೇ ಇಲ್ಲ.

ಆ ಸೋಮವಾರ ಡಾಕ್ಟರ್ ಹೋದ ಮೇಲೆ ತಮ್ಮನ ಹೆಂಡತಿ ದೀಪ ಹಚ್ಚಿ, ಉಪವಾಸ ಮುರಿದು, ಮತ್ತೆ ಜಗಲಿಗೆ ಬಂದಳು. ಬಲೆಯ ಕೊನೆಯ ಎರಡು ಸಾಲು ಬಾಕಿ ಇತ್ತು. ಅವಳು ಹೆಣೆದಳು, ನಾನು ಗಂಟುಗಳ ತುದಿಯನ್ನು ಬೆಂಕಿಕಡ್ಡಿಯಿಂದ ಸುಟ್ಟು ಬಿಗಿಮಾಡಿದೆ. ಒಣಹುಲ್ಲು ತುಂಬಿ, ಕುದುರೆಯ ಎದೆಯ ಎತ್ತರಕ್ಕೆ, ಕಾಲು ಸಿಕ್ಕಿಕೊಳ್ಳದಂತೆ ಕಂಬಕ್ಕೆ ಕಟ್ಟಿದೆ. ಅದು ಬಂದು ಮೂತಿಯಿಂದ ಬಲೆಯನ್ನು ಒಮ್ಮೆ ತಳ್ಳಿತು, ಎರಡನೆಯ ಸಲಕ್ಕೆ ಒಂದು ಎಳೆ ಎಳೆದುಕೊಂಡಿತು. ಗಂಟು ಜಗ್ಗಿ ನೋಡಿದೆ, ಬಿಗಿಯಾಗಿತ್ತು. ಆಗ ಏಳೂ ಐವತ್ತು, ನನ್ನ ಟೈಮ್‌ ಟೇಬಲ್ಲಿನಲ್ಲಿ ಮೇವಿನ ಹೊತ್ತಲ್ಲ.